ಫೌಜಿ ಸಂಬಳದ ಖಾತೆ: ಹದಿಮೂರು ವರ್ಷ ಬಳಸಿದವಳ ಅನುಭವ

ಐದಕ್ಕೆ ಮೂರು ಸ್ಟಾರ್. 2022ರ ಡಿಸೆಂಬರ್‌ಗಿಂತ ಮೊದಲು ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಖಾತೆ ನಮ್ಮ ಮನೆಯವರದು. ಸೇನೆಯಲ್ಲಿ 17 ವರ್ಷ ಇದ್ದು 2024ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಆದರೆ ಬ್ಯಾಂಕಿಗೆ ಚಪ್ಪಲಿ ಸವೆಸಿದವಳು ನಾನು. ಮದುವೆಯಾದ ವರ್ಷ, 2012ರಲ್ಲಿ, ಕಲಬುರಗಿಯ ಒಂದು ಶಾಖೆಯಲ್ಲಿ 'ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್' ಅಂತ ತೆರೆದದ್ದು. ಬ್ಯಾಂಕಿನ ಹೆಸರು ಹೇಳುವುದಿಲ್ಲ, ನಾಳೆ ಮತ್ತೆ ಅದೇ ಕೌಂಟರ್ ಮುಂದೆ ನಿಲ್ಲಬೇಕಲ್ವಾ?

ಒಳ್ಳೆಯದು ಮೊದಲು. ಕನಿಷ್ಠ ಬ್ಯಾಲೆನ್ಸ್ ಕಾಟ ಇಲ್ಲ. ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಪ್ರೀಮಿಯಂ ಇಲ್ಲದೆ ಅಪಘಾತ ವಿಮೆ ಇದೆ. ಮೊತ್ತ ಆಗಾಗ ಬದಲಾಗುತ್ತದೆ, ಶಾಖೆಯಲ್ಲಿ ಕೇಳಿಕೊಳ್ಳಿ. ಒಂದು ಷರತ್ತು ಮಾತ್ರ ಮರೆಯಬೇಡಿ: ಸಂಬಳ ಅದೇ ಖಾತೆಗೆ ಬರುತ್ತಿರಬೇಕು. ಬಡ್ಡಿ ಕಡಿಮೆ ಅಂತ ಸಂಬಳವನ್ನು ಬೇರೆ ಬ್ಯಾಂಕಿಗೆ ತಿರುಗಿಸಿಕೊಂಡವರಿದ್ದಾರೆ. ವಿಮೆಯೂ ಅಲ್ಲಿಗೇ ಮುಗಿಯಿತು ಅನ್ನೋದು ಅವರಿಗೆ ಗೊತ್ತಿರುವುದಿಲ್ಲ.

ಇನ್ನು ಓಟಿಪಿ ಕಥೆ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ, ಲಡಾಖ್ ಕಡೆ ನಡೆಯುವುದಿಲ್ಲ. ಪೋಸ್ಟಿಂಗ್ ಆದವರು ಅಲ್ಲಿಯದೇ ಸಿಮ್ ತೆಗೆದುಕೊಳ್ಳುತ್ತಾರೆ. ಬ್ಯಾಂಕಿಗೆ ಕೊಟ್ಟ ನಂಬರು? ಅದು ನಮ್ಮ ಅಡುಗೆಮನೆಯ ಡಬ್ಬಿಯ ಪಕ್ಕ, ಹಳೇ ಕೀಪ್ಯಾಡ್ ಫೋನಿನಲ್ಲಿ ಇತ್ತು. ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕು ದಿನಾ ಮೆಸೇಜ್ ಹಾಕುತ್ತದೆ. ನಾನು ರೊಟ್ಟಿ ಬಡಿಯುತ್ತಾ ಅದನ್ನೇ ಲಡಾಖ್‌ಗೆ ಕೂಗಿ ಹೇಳುತ್ತಿದ್ದೆ. ಫೌಜಿ ಮನೆಗಳಲ್ಲಿ ಇದು ಮಾಮೂಲು.

2022ರ ಡಿಸೆಂಬರ್‌ಗೆ ಬರುತ್ತೇನೆ. ಅತ್ತೆಗೆ ಕಣ್ಣಿನ ಆಪರೇಷನ್ ಇತ್ತು. ಜಗತ್ ಸರ್ಕಲ್ ಹತ್ತಿರದ ಎಟಿಎಂನಲ್ಲಿ ಕಾರ್ಡ್ ಹಾಕಿದರೆ ದುಡ್ಡು ಬರಲಿಲ್ಲ. ಶಾಖೆಗೆ ಹೋದೆ. ಖಾತೆಗೆ ಹತ್ತು ವರ್ಷ ತುಂಬಿದೆ, ಕೆವೈಸಿ (ಗ್ರಾಹಕರ ಗುರುತು, ವಿಳಾಸದ ದಾಖಲೆ) ಹೊಸದಾಗಿ ಆಗಿಲ್ಲ, ಅದಕ್ಕೆ ಹಣ ತೆಗೆಯುವುದು ಬಂದ್ ಮಾಡಿದ್ದಾರೆ ಅಂತ ಗೊತ್ತಾಯಿತು.

"ಖಾತೆದಾರರೇ ಬರಬೇಕ್ರಿ ಅಕ್ಕೋರ."

"ಅವರು ಲಡಾಖ್‌ನಾಗ ಅದಾರ್ರಿ. ಹಿಮಾ ಬಿದ್ದು ರಸ್ತಾ ಬಂದ್ ಆಗ್ಯಾವ."

"ಹಂಗಾದ್ರ ಸೂಟಿ ಮ್ಯಾಲ ಬಂದಾಗ ಮಾಡೂಣು."

ರಜೆ ಇದ್ದದ್ದು ಏಪ್ರಿಲ್‌ನಲ್ಲಿ! ಯೂನಿಟ್‌ನಿಂದ ಪತ್ರ ತರಿಸಿದೆ. ಇಮೇಲ್ ಪ್ರತಿ ನಡೆಯಲ್ಲ, ಅಸಲು ಬೇಕು ಅಂದರು. ಎಲ್ಲ ಸೇರಿ 22 ದಿನ ಹಿಡಿಯಿತು. ಆಪರೇಷನ್‌ಗೆ ನೆಹರು ಗಂಜ್‌ನ ಅಡತಿಯವರ ಹತ್ತಿರ ತೊಗರಿ ಮೇಲೆ ಮುಂಗಡ ತಂದೆ. ಈ ನಡುವೆ ಸೈಟಿನ ಸಾಲದ ಕಂತು ಬೌನ್ಸ್ ಆಗಿ 590 ರೂಪಾಯಿ ದಂಡ ಬೇರೆ. ಖಾತೆಯಲ್ಲಿ ದುಡ್ಡಿತ್ತು, ನೆನಪಿರಲಿ.

ತಮಾಷೆ ಏನೆಂದರೆ, ಮುಂದಿನ ತಿಂಗಳೇ, 2023ರ ಜನವರಿ 5ರಂದು, ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ವಿವರ ಏನೂ ಬದಲಾಗಿಲ್ಲದಿದ್ದರೆ ಖಾತೆದಾರರು ಶಾಖೆಗೆ ಬರಬೇಕಿಲ್ಲ. ನೋಂದಾಯಿತ ಇಮೇಲ್, ಮೊಬೈಲ್, ಎಟಿಎಂ ಮೂಲಕ ಸ್ವಂತ ಘೋಷಣೆ ಕೊಟ್ಟರೆ ಸಾಕು. 2025ರ ಜೂನ್‌ನಲ್ಲಿ ಇನ್ನೊಂದು ನಿಯಮ ಬಂತು. ಗಡುವಿಗೆ ಮೊದಲು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದು ಕಾಗದದ ಪತ್ರ ಆಗಿರಬೇಕು. ಇದು ನನಗೆ ತುಂಬಾ ಹಿಡಿಸಿತು. ಮೆಸೇಜ್ ಎಲ್ಲಿಗೋ ಹೋಗಬಹುದು, ಪೋಸ್ಟ್‌ಮನ್ ಮನೆಗೇ ಬರುತ್ತಾನೆ. ದಂಡದ ಬಗ್ಗೆ ನಾನು ಲಿಖಿತ ದೂರು ಕೊಟ್ಟೆ. 30 ದಿನದೊಳಗೆ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತಲೂ ಬರೆದೆ. ಮೂರನೇ ವಾರಕ್ಕೆ 590 ವಾಪಸ್ ಬಂತು. ಆ ಕೊನೆಯ ಸಾಲು ಕೆಲಸ ಮಾಡಿತು ಅಂತ ನನ್ನ ಅನುಮಾನ.

ಆದರೂ ಇವೆಲ್ಲ ಎಲ್ಲ ಗ್ರಾಹಕರಿಗೂ ಇರುವ ನಿಯಮಗಳು. ಗಡಿಯಲ್ಲಿ ನಿಂತವನಿಗೆ ಬೇರೆ ಲೆಕ್ಕ ಬೇಡವೇ? ಕೋರ್ಟಿಗೆ ಇದು ನೂರು ವರ್ಷದ ಹಿಂದೆಯೇ ಅರ್ಥವಾಗಿದೆ. 1925ರ ಭಾರತೀಯ ಸೈನಿಕರ ದಾವೆ ಕಾಯ್ದೆಯ ಪ್ರಕಾರ, ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಸಿವಿಲ್ ದಾವೆಯನ್ನು ಕೋರ್ಟ್ ತಡೆದಿಡುತ್ತದೆ. 1950ರ ಸೇನಾ ಕಾಯ್ದೆಯ 28ನೇ ಕಲಮಿನಂತೆ ಸಾಲ ವಸೂಲಿಯ ತೀರ್ಪಿಗಾಗಿ ಕೋರ್ಟ್ ಅವನ ಸಂಬಳ ಜಪ್ತಿ ಮಾಡುವಂತಿಲ್ಲ. ಕೋರ್ಟೇ ಮುಟ್ಟದ ಆ ಸಂಬಳವನ್ನು ನಮ್ಮ ಶಾಖೆಯ ಕಂಪ್ಯೂಟರ್ 22 ದಿನ ಹಿಡಿದಿಟ್ಟಿತ್ತು.

ಅಮೆರಿಕದಲ್ಲಿ 2003ರ ಕಾಯ್ದೆಯೊಂದಿದೆ. ಸೇವೆಗೆ ಸೇರುವ ಮುಂಚೆ ಮಾಡಿದ ಸಾಲಕ್ಕೆ, ಸೇವೆಯಲ್ಲಿರುವಷ್ಟು ಕಾಲ ಶೇ 6ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ಸೈನಿಕ ಕೇಳಿಕೊಳ್ಳಬೇಕು ಅಷ್ಟೆ. ನಾನು ಅಷ್ಟು ದೊಡ್ಡದೇನೂ ಕೇಳುತ್ತಿಲ್ಲ. ಯೂನಿಟ್‌ನ ಒಂದು ಪತ್ರ ಬಂದರೆ ಕೆವೈಸಿ ಗಡುವು ತಾನಾಗಿ ಮುಂದೆ ಹೋಗಬೇಕು, ಆ ಅವಧಿಯ ಬೌನ್ಸ್ ದಂಡ ಬೀಳಬಾರದು. ಅದು ಮ್ಯಾನೇಜರ್ ಸಾಹೇಬರ ಮನಸ್ಸಿನ ಮೇಲೆ ನಿಲ್ಲದೆ ಕಾಯ್ದೆಯಲ್ಲಿ ಇರಬೇಕು. ಮ್ಯಾನೇಜರ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ.

ನಿವೃತ್ತಿಯ ನಂತರದ್ದು ಚುಟುಕಾಗಿ ಹೇಳುತ್ತೇನೆ. ಪಿಂಚಣಿ ಈಗ ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ 'ಸ್ಪರ್ಶ್' ಮೂಲಕ ನೇರ ಖಾತೆಗೆ ಬರುತ್ತದೆ. ವರ್ಷಕ್ಕೊಮ್ಮೆಯ ಜೀವಂತ ಪ್ರಮಾಣಪತ್ರವನ್ನು ಮೊಬೈಲ್‌ನಲ್ಲಿ ಮುಖ ತೋರಿಸಿ ಮುಗಿಸುತ್ತೇವೆ. ಬೆಳಕು ಚೆನ್ನಾಗಿರಬೇಕು, ಅಂಗಳದಲ್ಲಿ ನಿಂತರೆ ಒಂದೇ ಸಲಕ್ಕೆ ಆಗುತ್ತದೆ.

ಖಾತೆ ಮುಚ್ಚಿಲ್ಲ, ಜಂಟಿ ಮಾಡಿಸಿದೆವು. ಮೊದಲ ದಿನವೇ ಮಾಡಿಸಬೇಕಿತ್ತು. ಮೈದುನನ ಮಗ ಈಗ ಅಗ್ನಿವೀರ್ ಆಗಿ ಆಯ್ಕೆಯಾಗಿದ್ದಾನೆ. ಮೊನ್ನೆ ಅವನನ್ನು ರೈಲು ಹತ್ತಿಸುವ ಮುಂಚೆ ಬ್ಯಾಂಕಿಗೆ ಕರೆದುಕೊಂಡು ಹೋಗಿ, ನಾಮಿನಿ ಫಾರಂ ತುಂಬಿಸಿ, ಅವನ ಪರವಾಗಿ ಅವ್ವ ವ್ಯವಹಾರ ಮಾಡಬಹುದು ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದೆ. ಸಿಮ್ ಕೂಡ ಅವ್ವನ ಹತ್ತಿರವೇ ಬಿಟ್ಟು ಹೋಗಿದ್ದಾನೆ.