ಸೆಂಟ್‌ಓಎಸ್ ಹೋದ ಮೇಲೆ ಆಲ್ಮಾಲಿನಕ್ಸ್: ಹಳೆಯ ಸರ್ವರ್ ಒಂದರ ಮೇಲಿನ ಬಳಕೆಯ ಅನುಭವ

2021ರ ಡಿಸೆಂಬರ್ ಕೊನೆಯ ವಾರದಿಂದ ನಾನು ಆಲ್ಮಾಲಿನಕ್ಸ್ ಬಳಸುತ್ತಿದ್ದೇನೆ. ರೆಡ್ ಹ್ಯಾಟ್ ಕಂಪನಿ ಹಣಕ್ಕೆ ಕೊಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಉಚಿತ ಪ್ರತಿಯಾಗಿದ್ದ ಸೆಂಟ್‌ಓಎಸ್ ನಿಂತುಹೋದಾಗ ಅದರ ಜಾಗ ತುಂಬಲು ಬಂದದ್ದು ಇದು. ನಾನು ನೋಡಿಕೊಳ್ಳುವುದು ಪತ್ತಿನ ಸಹಕಾರ ಸಂಘವೊಂದರ ಒಂದೇ ಸರ್ವರನ್ನು. ಅದರಲ್ಲಿ ಲೆಕ್ಕಪತ್ರದ ಡೇಟಾಬೇಸ್ ಇದೆ. ‘ಠೇವಣಿ’, ‘ಸಾಲದ ಅರ್ಜಿ’, ‘ಸಭಾ ನಡಾವಳಿ’ ಎಂದು ಕನ್ನಡದಲ್ಲೇ ಹೆಸರಿಟ್ಟ ಫೋಲ್ಡರ್‌ಗಳನ್ನು ಸಿಬ್ಬಂದಿಯ ಕಂಪ್ಯೂಟರ್‌ಗಳಿಗೆ ಒದಗಿಸುವ ಸಾಂಬಾ ಇದೆ. ಆಪರೇಟಿಂಗ್ ಸಿಸ್ಟಂಗೆಂದು ಆಡಳಿತ ಮಂಡಳಿ ಒಂದು ರೂಪಾಯಿಯನ್ನೂ ತೆಗೆದಿಡುವುದಿಲ್ಲ, ಯಂತ್ರವೂ 2012ರದ್ದು. ಮುಂದೆ ಹೇಳುವುದನ್ನೆಲ್ಲ ಈ ಎರಡು ಮಿತಿಗಳನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಸೆಂಟ್‌ಓಎಸ್ 8 ಹಾಕಿದ ದಿನ, 2029ರವರೆಗೆ ಇದನ್ನು ಮುಟ್ಟಬೇಕಾಗಿಲ್ಲ ಎಂದು ಕಾರ್ಯದರ್ಶಿಯವರಿಗೆ ಭರವಸೆ ಕೊಟ್ಟಿದ್ದೆ. ಸೆಂಟ್‌ಓಎಸ್ ಯೋಜನೆಯ 2020ರ ಡಿಸೆಂಬರ್ 8ರ ಪ್ರಕಟಣೆ ಅದರ ಆಯಸ್ಸನ್ನು 2021ರ ಕೊನೆಗೆ ಇಳಿಸಿತು. ಅದರ ಬದಲಿಗೆ ಮುಂದಿಟ್ಟ ಸೆಂಟ್‌ಓಎಸ್ ಸ್ಟ್ರೀಮ್‌ನಲ್ಲಿ ರೆಡ್ ಹ್ಯಾಟ್‌ನ ಮುಂದಿನ ಉಪ ಆವೃತ್ತಿಯ ಬದಲಾವಣೆಗಳು ಮೊದಲೇ ಬಂದಿಳಿಯುವುದರಿಂದ ಜನರ ಹಣದ ಲೆಕ್ಕವಿರುವ ಯಂತ್ರಕ್ಕೆ ಅದನ್ನು ಹಾಕಲು ಮನಸ್ಸು ಒಪ್ಪಲಿಲ್ಲ. ಡೆಬಿಯನ್ ಎಂಬ ಬೇರೆ ಬಗೆಯ ಲಿನಕ್ಸ್ ಒಳ್ಳೆಯದೇ, ಆದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ನಿಯಮಗಳಿಂದ ಹಿಡಿದು ಬ್ಯಾಕಪ್ ಸ್ಕ್ರಿಪ್ಟ್‌ವರೆಗೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. ಸೆಂಟ್‌ಓಎಸ್ ಸ್ಥಾಪಕರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಸರ್, ತೀರಿಕೊಂಡ ತಮ್ಮ ಸಹೋದ್ಯೋಗಿ ರಾಕಿ ಮೆಕ್‌ಗಾ ಅವರ ನೆನಪಿನಲ್ಲಿ ಹೆಸರಿಟ್ಟ ರಾಕಿ ಲಿನಕ್ಸ್ ಎಂಬ ಇಂಥದೇ ಇನ್ನೊಂದು ಉಚಿತ ಪ್ರತಿಯ ಕಡೆಗೆ ನಿಜವಾಗಿ ಒಲವಿತ್ತು. ಆದರೆ ಆಲ್ಮಾಲಿನಕ್ಸ್ 2021ರ ಮಾರ್ಚ್ 30ರಂದೇ ಬಂದುಬಿಟ್ಟಿತ್ತು, ರಾಕಿ ಬರುವ ಹೊತ್ತಿಗೆ ಜೂನ್ ಆಯಿತು. ಅಷ್ಟರಲ್ಲಿ ನಾನು ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಆಲ್ಮಾವನ್ನು ಓಡಿಸಿ ನೋಡಿಯಾಗಿತ್ತು. ಅದರದೇ ವಲಸೆ ಸ್ಕ್ರಿಪ್ಟ್ ಒಂದು ಭಾನುವಾರ ಮಧ್ಯಾಹ್ನದೊಳಗೆ ಕೆಲಸ ಮುಗಿಸಿತು, ಸೋಮವಾರ ಸಿಬ್ಬಂದಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ನನ್ನ ನೆಮ್ಮದಿ ಕೆಡಿಸುತ್ತಿದ್ದದ್ದು ಡಿಸ್ಕ್‌ಗಳನ್ನು ಯಂತ್ರಕ್ಕೆ ಜೋಡಿಸುವ ಕಂಟ್ರೋಲರ್ ಕಾರ್ಡ್. ನಾಲ್ಕು ಡಿಸ್ಕ್‌ಗಳು ಕೂತಿರುವುದು ಎಸ್‌ಎಎಸ್ 2008 ಚಿಪ್ ಇರುವ ಕಾರ್ಡ್‌ನ ಮೇಲೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಈ ಹಳೆಯ ಚಿಪ್‌ಗೆ ಬೆಂಬಲ ತೆಗೆದುಹಾಕಲಾಗಿತ್ತು, ಅದನ್ನೇ ಅನುಸರಿಸುವ ಎಲ್ಲ ವ್ಯವಸ್ಥೆಗಳಲ್ಲೂ ಅದು ಇಲ್ಲವಾಗಿತ್ತು. ಹಾಗಾಗಿ ಇಎಲ್‌ರೆಪೊ ಎಂಬ ಹೊರಗಿನ ತಂತ್ರಾಂಶ ಭಂಡಾರದ ಸ್ವಯಂಸೇವಕರು ಕಟ್ಟಿಕೊಡುವ ಡ್ರೈವರ್‌ನ (ಕಾರ್ಡನ್ನು ನಡೆಸುವ ತಂತ್ರಾಂಶದ) ಮೇಲೆ ಬದುಕಬೇಕಾಯಿತು. ಪ್ರತಿ ಶನಿವಾರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಅಪ್‌ಡೇಟ್ ಪಟ್ಟಿ ತೆರೆಯುವುದು, ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಇದ್ದರೆ ಅದಕ್ಕೆ ಹೊಂದುವ ಡ್ರೈವರ್ ಬಂದಿದೆಯೇ ಎಂದು ನೋಡುವುದು, ಬಂದಿಲ್ಲವಾದರೆ ಮುಂದಿನ ಶನಿವಾರಕ್ಕೆ ಬಿಡುವುದು ನನ್ನ ಕ್ರಮವಾಯಿತು. ಒಮ್ಮೆ ಲೆಕ್ಕ ಪರಿಶೋಧನೆಯ ಗಡಿಬಿಡಿಯಲ್ಲಿ ನೋಡದೆ ಅಪ್‌ಡೇಟ್ ಮಾಡಿದೆ. ಯಂತ್ರ ಮತ್ತೆ ಏಳಲಿಲ್ಲ. ಪರದೆಯ ಮೇಲೆ ಡಿಸ್ಕ್‌ಗಾಗಿ ಕಾಯುತ್ತಿರುವ ಸಾಲುಗಳು ಒಂದರ ಕೆಳಗೊಂದು ಬೀಳುತ್ತಲೇ ಇದ್ದವು. ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಎಬ್ಬಿಸಿದಾಗಲೇ ಕೈ ನಡುಕ ನಿಂತದ್ದು.

2023ರ ಬೇಸಿಗೆ ಮುಗಿಯುವಾಗ ಆಲ್ಮಾದ ಮೇಲೆಯೇ ನನಗೆ ಅಸಮಾಧಾನ ಹುಟ್ಟಿತು. ಆ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಸಾರ್ವಜನಿಕರಿಗೆ ಸ್ಟ್ರೀಮ್ ಮೂಲಕ ಮಾತ್ರ ಕೊಡುವುದಾಗಿ ಹೇಳಿತು. ಮರುತಿಂಗಳು ಆಲ್ಮಾ, ಅಕ್ಷರಶಃ ಪ್ರತಿಯಾಗಿ ಉಳಿಯುವ ಗುರಿಯನ್ನು ಕೈಬಿಟ್ಟು, ರೆಡ್ ಹ್ಯಾಟ್‌ನ ಮೇಲೆ ಓಡುವ ತಂತ್ರಾಂಶ ಇಲ್ಲೂ ಓಡುವಷ್ಟು ಹೊಂದಾಣಿಕೆ ಸಾಕು ಎಂದಿತು. ನಮಗೆ ಲೆಕ್ಕಪತ್ರದ ತಂತ್ರಾಂಶ ಮಾರಿದವರು ಫೋನ್ ಮಾಡಿ, ‘ಸರ್, ನಿಮ್ಮದು ರೆಡ್ ಹ್ಯಾಟ್‌ನ ಪಡಿಯಚ್ಚು ತಾನೇ?’ ಎಂದು ಕೇಳಿದಾಗ, ಅದುವರೆಗೆ ಧೈರ್ಯವಾಗಿ ಹೇಳುತ್ತಿದ್ದ ‘ಹೌದು’ ಬಾಯಿಗೆ ಬರಲಿಲ್ಲ. ರಾಕಿಗೆ ಹೋಗುವ ತಯಾರಿಯನ್ನೂ ಮಾಡಿಕೊಂಡೆ.

ಹೋಗದೆ ಉಳಿದದ್ದಕ್ಕೆ ಕಾರಣ 2024ರ ಮೇ ತಿಂಗಳಲ್ಲಿ ಬಂದ ಆಲ್ಮಾ 9.4. ಪಡಿಯಚ್ಚಾಗಿರಬೇಕೆಂಬ ಕಟ್ಟು ತಪ್ಪಿದ್ದರಿಂದಲೇ ಆಲ್ಮಾ, ಮೂಲದಲ್ಲಿ ಕೈಬಿಟ್ಟಿದ್ದ ಹಳೆಯ ಕಾರ್ಡ್‌ಗಳ ಬೆಂಬಲವನ್ನು ತನ್ನ ಕರ್ನಲ್‌ಗೆ ಮರಳಿ ಸೇರಿಸಿತ್ತು. ನನ್ನ ಕಾರ್ಡ್‌ನ ಡ್ರೈವರ್ ಆ ಪಟ್ಟಿಯಲ್ಲಿತ್ತು. ಬ್ಯಾಕಪ್ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಲು ಕೂತೆ. ಡಿಸ್ಕ್ ಆರಿಸುವ ಪುಟ ತೆರೆದಾಗ, ಡ್ರೈವರ್ ಇಟ್ಟಿದ್ದ ಪೆನ್‌ಡ್ರೈವ್ ಇನ್ನೂ ನನ್ನ ಕೈಯಲ್ಲೇ ಇತ್ತು. ನಾಲ್ಕೂ ಡಿಸ್ಕ್‌ಗಳು ಸಾಲಾಗಿ ಕಂಡವು. ನಾಲ್ಕು ವರ್ಷ ಶನಿವಾರಗಳನ್ನು ಕಾಯುತ್ತಾ ಕಳೆದವನಿಗೆ ಆ ಪುಟ ಕೊಟ್ಟ ಸಂತೋಷ ದೊಡ್ಡದು. ಎರಡು ತಿಂಗಳಲ್ಲಿ ದೂರದಿಂದ ಸರ್ವರ್ ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ರೆಗ್ರೆಶನ್ ಎಂಬ ಭದ್ರತಾ ದೋಷ ಬಯಲಾದಾಗಲೂ ಆಲ್ಮಾ ರೆಡ್ ಹ್ಯಾಟ್‌ನ ಪ್ಯಾಚ್‌ಗಾಗಿ ಕಾಯದೆ ತಾನೇ ಸರಿಪಡಿಸಿತು. ತಂತ್ರಾಂಶದವರ ಪ್ರಶ್ನೆಗೆ ಈಗ ‘ಪಡಿಯಚ್ಚಲ್ಲ, ಆದರೆ ನಿಮ್ಮದು ಓಡುತ್ತದೆ, ಬಂದು ನೋಡಿ’ ಎನ್ನುತ್ತೇನೆ. ಬಂದು ನೋಡಿದರು, ಒಪ್ಪಿದರು.

ಕೊರತೆ ಇಲ್ಲವೆಂದಲ್ಲ. 8ರಿಂದ 9ಕ್ಕೆ ಇದ್ದಲ್ಲೇ ಏರಲು ಆಲ್ಮಾದವರದೇ ಎಲಿವೇಟ್ ಎಂಬ ಸಾಧನ ಇದ್ದರೂ ಹೊರಗಿನ ಡ್ರೈವರ್‌ನಿಂದ ಬದುಕಿದ್ದ ಯಂತ್ರದಲ್ಲಿ ಅದನ್ನು ನಂಬಲು ನನಗೆ ಧೈರ್ಯವಾಗಲಿಲ್ಲ. ಆದ್ದರಿಂದ ಎರಡು ರಜಾದಿನಗಳು ಹೋದವು.

9ಕ್ಕೆ ಭದ್ರತಾ ಅಪ್‌ಡೇಟ್‌ಗಳು 2032ರ ಮೇವರೆಗೆ ಇವೆ. ರೆಡ್ ಹ್ಯಾಟ್‌ನ 10ನೇ ಆವೃತ್ತಿ ನಮ್ಮ ಪ್ರೊಸೆಸರ್‌ನಂಥ ಹಳೆಯವನ್ನು ಒಪ್ಪುವುದಿಲ್ಲ. ಆಲ್ಮಾ 10 ಮಾತ್ರ ಅವುಗಳಿಗೆಂದೇ ಪ್ರತ್ಯೇಕ ಆವೃತ್ತಿಯನ್ನು ಕೊಡುತ್ತಿದೆ. ಅದನ್ನು ಡೆಸ್ಕ್‌ಟಾಪ್‌ನಲ್ಲಿ ಹಾಕಿದ್ದೇನೆ, ಸರ್ವರ್ ಮಾತ್ರ ಸದ್ಯಕ್ಕೆ 9ರಲ್ಲೇ ಇರುತ್ತದೆ.