ರೆಡಿಮೇಡ್ ಜೆಲಾಟಿನ್ ಜೈಮೋಗ್ರಾಮ್ ಜೆಲ್: ಅಕ್ರೀಟಾ ಮಾದರಿಗಳಿಗೆ ಹೇಗಿದೆ?

ಮಾಸು ಗರ್ಭಕೋಶದ ಗೋಡೆಗೆ ಅತಿಯಾಗಿ ಇಳಿಯುವ ಪ್ಲಾಸೆಂಟಾ ಅಕ್ರೀಟಾದ ಅಧ್ಯಯನದಲ್ಲಿ ಅಂಗಾಂಶದ ಜಾಲವನ್ನು ಕರಗಿಸುವ ಎಂಎಂಪಿ-2, ಎಂಎಂಪಿ-9 ಕಿಣ್ವಗಳನ್ನು ಒಟ್ಟಿಗೆ ನೋಡಲು ಜೆಲಾಟಿನ್ ಬೆರೆಸಿದ ಈ 10% ಜೆಲ್ ಅನುಕೂಲ. ಕಿಣ್ವ ಇರುವಲ್ಲಿ ಜೆಲಾಟಿನ್ ಕರಗುತ್ತದೆ. ಬಣ್ಣ ಹಾಕಿದಾಗ ನೀಲಿಯ ನಡುವೆ 92 (ಎಂಎಂಪಿ-9) ಮತ್ತು 72 (ಎಂಎಂಪಿ-2) ಕಿಲೋಡಾಲ್ಟನ್ ಅಣುತೂಕದ ಬಳಿ ಬಿಳಿ ಪಟ್ಟಿಗಳು. ಸಕ್ರಿಯ ರೂಪಗಳು ತುಸು ಕೆಳಗೆ. ಲ್ಯಾಬಿನಲ್ಲೇ ಎರೆದ ಜೆಲ್‌ಗೂ ಇಷ್ಟು ಸಾಧ್ಯ, ರೆಡಿಮೇಡ್‌ನಲ್ಲಿ ಉಳಿತಾಯವಾಗುವುದು ಸಮಯ.

ಮಾದರಿ ಕುದಿಸಬೇಡಿ, ಕಿಣ್ವದ ಕೆಲಸ ಕೆಡಿಸುವ ಮರ್ಕಾಪ್ಟೋಎಥನಾಲ್, ಇಡಿಟಿಎ ರಾಸಾಯನಿಕಗಳು ಬೇಡವೇ ಬೇಡ. ವಿದ್ಯುತ್ ಹರಿಸಿ ಮಾದರಿಯನ್ನು ಜೆಲ್‌ನಲ್ಲಿ ಓಡಿಸಿದ ಮೇಲೆ 2.5% ಟ್ರೈಟಾನ್ (ಸೌಮ್ಯ ಡಿಟರ್ಜೆಂಟ್) ದ್ರಾವಣದಲ್ಲಿ 30 ನಿಮಿಷದಂತೆ ಎರಡು ಸಲ ತೊಳೆದು, ಕ್ಯಾಲ್ಸಿಯಂ ಬಫರ್‌ನಲ್ಲಿ 37 ಡಿಗ್ರಿಗೆ ರಾತ್ರಿಯಿಡೀ ಬಿಡಿ. ಅಂಗಾಂಶದ ರಕ್ತ ಸರಿಯಾಗಿ ತೊಳೆಯದಿದ್ದರೆ ನ್ಯೂಟ್ರೋಫಿಲ್‌ ಎಂಬ ಬಿಳಿ ರಕ್ತಕಣಗಳ ಎಂಎಂಪಿ-9 ಸೇರಿಕೊಂಡು ಲೆಕ್ಕ ಉಬ್ಬುತ್ತದೆ.

ದೊಡ್ಡ ಮಿತಿ: ಜೆಲ್ ಓಡಿಸಲು ಬಳಸುವ ಡಿಟರ್ಜೆಂಟ್ ಎಸ್‌ಡಿಎಸ್, ಕಿಣ್ವಕ್ಕೆ ಅಂಟಿದ ತಡೆಕಾರಕ ಟಿಂಪ್‌ಗಳನ್ನು ಬಿಡಿಸಿಬಿಡುತ್ತದೆ. ಹಾಗಾಗಿ ಪಟ್ಟಿಯ ಹೊಳಪನ್ನೇ ಗರ್ಭಕೋಶದೊಳಗಿನ ನಿಜವಾದ ಚಟುವಟಿಕೆ ಎಂದು ಬರೆಯಬೇಡಿ.