ಕಗ್ಗದ ಅಕ್ಕಿ, 2 ಕೆಜಿ: ಅಕ್ಕಿ ಚೆನ್ನಾಗಿದೆ, ಚೀಟಿ ತಪ್ಪು

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಬೆಳೆಯುವ ಕಗ್ಗದ ಅಕ್ಕಿಗಾಗಿ ತುಂಬಾ ದಿನದಿಂದ ಹುಡುಕುತ್ತಿದ್ದೆ. ಆನ್‌ಲೈನ್‌ನಲ್ಲಿ ಸಿಕ್ಕಿತು, 2 ಕೆಜಿ ತರಿಸಿದೆ. ಕೆಂಪಕ್ಕಿ. ಮೊದಲ ದಿನ ನೆನೆಸದೆ ಬೇಯಿಸಿದೆ, ಕಾಳಿನ ನಡು ಗಟ್ಟಿಯಾಗಿಯೇ ಉಳಿಯಿತು. ಮರುದಿನ ರಾತ್ರಿಯಿಡೀ ನೆನೆಸಿ ಗಂಜಿ ಮಾಡಿದೆ, ಜೊತೆಗೆ ಮಿಡಿ ಉಪ್ಪಿನಕಾಯಿ. ಮನೆಯಲ್ಲಿ ಎಲ್ಲರೂ ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಬೇಜಾರಾಗಿದ್ದು ಪೊಟ್ಟಣದ ಮೇಲಿನ ಚೀಟಿ ಓದಿ. ಉಪ್ಪುನೀರಲ್ಲಿ ಬೆಳೆದಿದ್ದಕ್ಕೆ 'ಸಹಜ ಉಪ್ಪಿನ ರುಚಿ' ಇದೆಯಂತೆ! ಅಂಥದ್ದೇನೂ ಇಲ್ಲ. ಇರಲೂಬಾರದು, ಉಪ್ಪನ್ನು ದೂರ ಇಡುವುದಕ್ಕೇ ಭತ್ತ ಅಷ್ಟು ಕಷ್ಟಪಡುತ್ತದೆ ಅಲ್ವಾ?

ಮಣ್ಣಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಆಗ ಗಿಡ ತನ್ನ ಜೀವಕೋಶಗಳಲ್ಲಿ ಪ್ರೋಲಿನ್ (ಒಂದು ಅಮೈನೊ ಆಮ್ಲ), ಸಕ್ಕರೆಯಂಥವನ್ನು ಕೂಡಿಸಿಕೊಂಡು ನೀರು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸೋಡಿಯಂ. ಅದು ಪೊಟ್ಯಾಸಿಯಂನ ಜಾಗಕ್ಕೆ ನುಗ್ಗಿದರೆ ಕಿಣ್ವಗಳ ಕೆಲಸವೇ ಕೆಡುತ್ತದೆ. ಹೀಗೆಯೇ ಉಪ್ಪುನೀರಲ್ಲಿ ಬೆಳೆಯುವ ಕೇರಳದ ಪೊಕ್ಕಾಳಿ ಭತ್ತದ 1ನೇ ವರ್ಣತಂತುವಿನಲ್ಲಿ 'ಸಾಲ್ಟಾಲ್' ಎಂಬ ಭಾಗವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅಲ್ಲಿರುವ ಒಂದು ಜೀನ್ ಮಾಡುವ ಪ್ರೋಟೀನ್, ಬೇರಿನಿಂದ ಮೇಲೇರುವ ರಸದಲ್ಲಿನ ಸೋಡಿಯಂ ಅನ್ನು ದಾರಿಯಲ್ಲೇ ಹಿಡಿದು ಹಿಂದಕ್ಕೆಳೆಯುತ್ತದೆ, ಎಲೆಗೆ ಹೋಗುವುದು ಕಡಿಮೆಯಾಗುತ್ತದೆ. ತಪ್ಪಿಸಿಕೊಂಡು ಬಂದದ್ದನ್ನು ಗಿಡ ಜೀವಕೋಶದೊಳಗಿನ ನೀರಚೀಲಕ್ಕೆ ತಳ್ಳಿ ಮುಚ್ಚಿಡುತ್ತದೆ, ಹಳೆ ಎಲೆಗಳಿಗೆ ತುಂಬಿಸಿ ಎಳೆಯ ಎಲೆಗಳನ್ನು ಉಳಿಸಿಕೊಳ್ಳುತ್ತದೆ. ಈ ಒತ್ತಡದಲ್ಲಿ ಹುಟ್ಟುವ, ಜೀವಕೋಶವನ್ನೇ ಸುಡುವಂಥ ಆಮ್ಲಜನಕದ ಕಣಗಳನ್ನು ಕ್ಯಾಟಲೇಸ್‌ನಂಥ ಕಿಣ್ವಗಳು ತಣಿಸುತ್ತವೆ. ಇದೆಲ್ಲಕ್ಕೂ ಶಕ್ತಿ ಖರ್ಚಾಗುತ್ತದೆ. ಬೇರೆ ಭತ್ತಗಳಿಗೆ ಇಷ್ಟು ತಡೆಯಲು ಆಗುವುದಿಲ್ಲ, ಅದರಲ್ಲೂ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಉಪ್ಪು ತಾಗಿದರೆ ಸೋತುಹೋಗುತ್ತವೆ.

ಕಗ್ಗ ಬೆಳೆಯುವವರು ಗೊಬ್ಬರ, ಔಷಧಿ ಹಾಕುವುದಿಲ್ಲ. ಆಳೆತ್ತರ ಬೆಳೆದ ಪೈರಿನ ತೆನೆ ಮಾತ್ರ ಕೊಯ್ದು, ಹುಲ್ಲನ್ನು ನೀರಲ್ಲೇ ಬಿಡುತ್ತಾರೆ, ಅದು ಮೀನು ಸಿಗಡಿಗೆ ಆಸರೆ. ಚೀಟಿಯಲ್ಲಿ ಇದನ್ನು ಬರೆಯಬಹುದಿತ್ತು. ಸುಮ್ನೆ ಇಲ್ಲದ ರುಚಿ ಬರೆದಿದ್ದಾರೆ.

ಅಕ್ಕಿಯಲ್ಲಿ ನಾಲ್ಕೈದು ಕಲ್ಲು ಸಿಕ್ಕವು, ಆರಿಸಿಕೊಳ್ಳಿ. ತೂಕ ಸರಿಯಾಗಿತ್ತು. ಅಕ್ಕಿಗೆ 5ಕ್ಕೆ 5, ಮಾರಿದವರಿಗೆ 3. ತರಿಸಿದರೆ ಖಂಡಿತ ನೆನೆಸಿ, ಗಂಜಿಗೆ ಉಪ್ಪು ಎಂದಿನಷ್ಟೇ ಹಾಕಿ.